ಹೊಟ್ಟೆ ತುಂಬಿದ ಕೌದಿ

ಸೇಡಂನ ಈ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಣಮವ್ವ ಅಂಗಳದಲ್ಲಿ ಕಾಲು ಚಾಚಿ ಕೂತು ಕೌದಿ ಹೊಲಿಯುತ್ತಿದ್ದಾರೆ. ಕೊನೆಯ ಮೂಲೆಯೊಂದು ಬಾಕಿ. ನನ್ನನ್ನು ಕಂಡವರೇ ಸೂಜಿ ನಿಲ್ಲಿಸಿ ಕೇಳುತ್ತಾರೆ: "ನೀವೂ ವಿಡಿಯೋ ಮಾಡವ್ರೇನ್ರಿ?" ಪತ್ರಿಕೆಯವನು ಎಂದರೂ ನಂಬಿಕೆಯಿಲ್ಲ. ನನ್ನ ಚೀಲದ ಮೇಲೆ ಕಣ್ಣಿಟ್ಟೇ "ಕುಂದ್ರಿ" ಅನ್ನುತ್ತಾರೆ.

ನಂಬಿಕೆ ನನಗೂ ಇರಲಿಲ್ಲ, ಬಿಡಿ. ಮೊಬೈಲಿನಲ್ಲೊಂದು ವಿಡಿಯೋ ಹಾಕಿದರು, ಬದುಕೇ ಬದಲಾಯಿತು ಎಂಬ ಕಥೆ ಕೇಳಿ ಕೇಳಿ ಸಾಕಾಗಿದೆ. ಇಲ್ಲೂ ಅಂಥದೇ ಬುರುಡೆ ಇರಬೇಕು ಎಂದುಕೊಂಡೇ ಬಂದವನು ನಾನು.

ಹೊಲದ ಕೂಲಿ ಇಲ್ಲದ ದಿನಗಳಲ್ಲಿ ಓಣಿಯವರ ಹಳೆ ಸೀರೆ, ಧೋತರ ಜೋಡಿಸಿ ಕೌದಿ ಹೊಲಿದುಕೊಟ್ಟೇ ಹಣಮವ್ವ ಮಗನನ್ನು ಬೆಳೆಸಿದ್ದು. ಮೊಣಕಾಲು ನೋವಿಗೆ ಹೊಲದ ಕೆಲಸ ನಿಂತಾಗ, ಚಿಂಚೋಳಿ ಕಡೆಯಿಂದ ಬಂದ ಸೊಸೆ ಸರಿತಾ ಅತ್ತೆಯ ಕೌದಿಗಳನ್ನು ಇನ್‌ಸ್ಟಾಗ್ರಾಂಗೆ ಹಾಕಿದರು. ಮೈಸೂರು, ಪುಣೆಯಿಂದ ಆರ್ಡರು ಬಂದವು. ಓಣಿಯ ಇನ್ನೂ ಮೂವರು ಹೆಂಗಸರಿಗೆ ಕೆಲಸ ಸಿಕ್ಕಿತು.

ಹಣಮವ್ವ ತಾಯಿಯಿಂದ ಕಲಿತ ಪದ್ಧತಿಯೊಂದಿದೆ. ಕೊನೆಯ ಮೂಲೆ ಮುಚ್ಚುವ ಮೊದಲು ಅದರೊಳಗೆ ಕಟಕ ರೊಟ್ಟಿಯ, ಅಂದರೆ ಒಣಗಿಸಿದ ಗರಿಗರಿ ಜೋಳದ ರೊಟ್ಟಿಯ, ಚೂರು ಇಡಬೇಕು. ಕೌದಿಯ ಹೊಟ್ಟೆ ತುಂಬಿದ್ದರೆ ಹೊದ್ದವರ ಮನೆ ಹಸಿಯುವುದಿಲ್ಲವಂತೆ. ಓಣಿಯಲ್ಲಿ ಇದು ಎಲ್ಲರಿಗೂ ಗೊತ್ತು. ದೂರದಿಂದ ಕೊಳ್ಳುವವರಿಗೂ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಮೈಸೂರಿನ ಗ್ರಾಹಕಿಯೊಬ್ಬರ ಕೈಗೆ ಮೂಲೆಯಲ್ಲಿ ಏನೋ ಗಟ್ಟಿ ಸಿಕ್ಕಿದೆ. ಕತ್ತರಿಸಿ ನೋಡಿ, ರೊಟ್ಟಿಯ ಚೂರು ಎತ್ತಿ ಹಿಡಿದು, ಇದು ಮಾಟ ಎಂದು ವಿಡಿಯೋ ಹಾಕಿಬಿಟ್ಟರು. ಕೂದಲೂ ಇತ್ತಂತೆ, ಕುಂಕುಮವೂ ಇತ್ತಂತೆ ಎಂದು ಕಣ್ಣಾರೆ ಕಂಡವರ ಹಾಗೆ ಕೆಳಗೆ ಬರೆದವರೆಷ್ಟೋ. ಓದಿ ನನಗೇ ಮೈ ಉರಿಯಿತು. ಆರ್ಡರು ನಿಂತವು, ಮೂವರು ಹೆಂಗಸರೂ ಮನೆಗೆ ಹೋದರು.

ರೊಟ್ಟಿ ಇಡುವುದನ್ನು ಬಿಟ್ಟುಬಿಡೋಣ ಎಂದು ಸರಿತಾ ಗೋಗರೆದರು. ಅತ್ತೆ ಜಪ್ಪಯ್ಯ ಅನ್ನಲಿಲ್ಲ. ಅಪರೂಪಕ್ಕೆ ಬಂದ ಆರ್ಡರೊಂದನ್ನು ಪಾರ್ಸೆಲ್ ಕಟ್ಟುವಾಗ ಹಣಮವ್ವನಿಗೇಕೋ ಅನುಮಾನ ಬಂತು. ಮೂಲೆ ಹಿಚುಕಿದರೆ ಒಳಗೆ ಏನೂ ಇಲ್ಲ. "ಹೊಲಿಗಿ ನಂದಲ್ಲ ಅಂತ ಕೈಗೇ ಗೊತ್ತಾತ್ರಿ. ಸೊಸಿ ಬಿಚ್ಚಿ ತಗದು ಮತ್ತ ಹೊಲದಿದ್ಳು," ಎನ್ನುತ್ತಾರೆ, ಸೊಸೆಯ ಎದುರಿಗೇ.

ಸರಿತಾ ಅಲ್ಲಗಳೆಯುವುದಿಲ್ಲ. "ನಾಕು ಮನಿ ಒಲಿ ಇದರ ಮ್ಯಾಲೇ ಉರೀತಾವ್ರಿ. ಭಾಳ ಹೆದರಿಕಿ ಆತು, ತಗದೆ."

ಕೊನೆಗೆ ದಾರಿ ತೋಚಿದ್ದೂ ಸರಿತಾಗೇ. ಈಗ ರೊಟ್ಟಿ ಇಡುವುದನ್ನೇ ವಿಡಿಯೋ ಮಾಡಿ, ಯಾಕೆ ಇಡುತ್ತೇವೆಂದು ಅತ್ತೆಯ ಬಾಯಿಂದಲೇ ಹೇಳಿಸಿ, ಕೊಳ್ಳುವವರಿಗೆ ಮೊದಲೇ ಕಳಿಸುತ್ತಾರೆ. ಒಪ್ಪಿದವರಿಗಷ್ಟೇ ಕೌದಿ. ವ್ಯಾಪಾರ ಮೊದಲಿನ ಅರ್ಧದಷ್ಟೂ ಇಲ್ಲ. ಮನೆಗೆ ಹೋದವರಲ್ಲಿ ಒಬ್ಬರು ಮಾತ್ರ ಕೆಲಸಕ್ಕೆ ಮರಳಿದ್ದಾರೆ. ಹಣಮವ್ವ ಈಗಲೂ ಪ್ರತಿ ಪಾರ್ಸೆಲಿನ ಮೂಲೆ ಹಿಚುಕಿಯೇ ಕಳಿಸುತ್ತಾರೆ.

ಎದುರಿಗಿರುವ ಕೌದಿಯನ್ನು ನನಗೇ ಕೊಡಿ ಎನ್ನುತ್ತೇನೆ. ಹಣಮವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ. ಒಳಗಿಂದ ರೊಟ್ಟಿ ತರಿಸಿ, ಚೂರು ಮುರಿದು ನನ್ನ ಅಂಗೈಗೆ ಹಾಕುತ್ತಾರೆ.

"ನೀವೇ ಇಡ್ರಿ. ನಾಳಿ ಮಾಟ ಅಂದ್ರ ನಿಮ್ಮ ಕೈನೂ ಅದರಾಗ ಇರ್ತದ."

ನಾನು ಇಡುತ್ತೇನೆ. ಅವರು ಮೂಲೆ ಹೊಲಿದು, ಹಲ್ಲಿನಿಂದ ದಾರ ಕಡಿಯುತ್ತಾರೆ.

"ತಗೊಳ್ಳೋರು ತಗೊಳ್ಳಲಿ, ಬಿಡೋರು ಬಿಡಲಿ. ಉಪಾಸ ಕೌದಿ ನಾ ಯಾರಿಗೂ ಕೊಡಂಗಿಲ್ರಿ."

ಇಷ್ಟು ಹೇಳಿ, ಕೌದಿ ನನ್ನ ಕೈಗೆ ಕೊಡುವ ಮುನ್ನ ಆ ಮೂಲೆಯನ್ನು ಒಮ್ಮೆ ಹಿಚುಕಿ ನೋಡುತ್ತಾರೆ.