ಹಗಲು ಮುಚ್ಚಿದ ಬಾಗಿಲು

ವಿಕ್ರೋಳಿಯ ನಮ್ಮ ಬಿಲ್ಡಿಂಗಿನ ಹನ್ನೊಂದನೇ ಮಹಡಿಗೆ ಬಂದ ಮೊದಲ ಬೆಳಿಗ್ಗೆಯೇ ಸೋಮವ್ವ ಎಲ್ಲರ ಬಾಗಿಲು ಬಡಿದರು. ನಾನು ಗಡ್ಡಕ್ಕೆ ಸೋಪು ಹಚ್ಚಿಕೊಂಡೇ ತೆರೆದೆ.

"ಯಾರು ತೀರಿಕೊಂಡಾರ್ರೀ ಅಣ್ಣಾರ?"

"ಯಾರೂ ಇಲ್ಲವಲ್ಲಮ್ಮ!"

"ಮತ್ತ ಹಗಲಾಗ ಬಾಗಲಾ ಯಾಕ ಹಾಕ್ಯಾರ?"

ಅವರು ಮೊದಲಿದ್ದ, ಸಾಲು ಕೋಣೆಗಳ ಚಾಳಿನಲ್ಲಿ ಹಗಲು ಬಾಗಿಲು ಮುಚ್ಚಿದರೆ ಒಳಗೇನೋ ಕೇಡಾಗಿದೆ ಎಂದೇ ಅರ್ಥ, ಪಕ್ಕದವರು ಬಡಿಯಲೇಬೇಕು. ಬಿಲ್ಡರು ಆ ಚಾಳು ಕೆಡವಿ ಇಲ್ಲಿ ಮನೆ ಕೊಟ್ಟಿದ್ದರು. ಸೊಸೈಟಿಯವರು, "ಮುಚ್ಚಿಡಿ, ಕಳ್ಳರ ಕಾಟ" ಎಂದರು. ಸೋಮವ್ವನ ಗಂಡ ಶರಣಬಸಪ್ಪ ಹೆದರಿ ಮುಚ್ಚಿದರು.

ಗಾರೆ ಕೆಲಸದ ಶರಣಬಸಪ್ಪ ಚಾಳಿನ ಕೇರಮ್ ಆಟಕ್ಕೆ ತೀರ್ಪು ಹೇಳುವ ಪಂಚರು, ಹಾದುಹೋಗುವವರನ್ನೆಲ್ಲ ಕೆಣಕುವ ಬಾಯಿ. ಇಲ್ಲಿ ಲಿಫ್ಟಿನ ಸದ್ದಾದರೂ ಬೆಚ್ಚುತ್ತಿದ್ದರು. ತಿಂಗಳುಗಟ್ಟಲೆ ಊಟ ಬೇಡ, ಚಹಾ ಬೇಡ, ಕೆಲಸವೂ ಬೇಡ. ಇನ್ನು ಬದುಕೇ ಬೇಡ ಎಂದಾರೆಂದು ಸೋಮವ್ವನಿಗೆ ದಿಗಿಲು. ಪೇಪರು ಓದುವವನೆಂಬ ತಪ್ಪಿಗೆ ನನ್ನನ್ನೂ ಪರೇಲಿನ ಆಸ್ಪತ್ರೆಗೆ ಎಳೆದೊಯ್ದರು.

"ಮಿದುಳಲ್ಲಿ ಡೋಪಮೈನ್ ಅಂತ ಒಂದು ರಾಸಾಯನಿಕ ಇದೆ," ಎಂದರು ಡಾಕ್ಟರ್ ಶುಭಾ. "ಏನಾದ್ರೂ ಬೇಕು ಅನ್ನಿಸೋಕೆ ಅದು ಬೇಕು. ಸುತ್ತಲಿನ ಜನ, ಭಯ, ಒಂಟಿತನ ಅದನ್ನೂ ಏರುಪೇರು ಮಾಡಬಹುದಂತೆ. ಇನ್ನೂ ಪೂರ್ತಿ ತಿಳಿದಿಲ್ಲ. ಮಾತ್ರೆ ಕೊಡ್ತೀನಿ. ಅಕ್ಕಪಕ್ಕ ಯಾರಿದ್ದಾರೆ?"

ಸೋಮವ್ವ ನನ್ನನ್ನು ನೋಡಿದರು. ನಾನು ಫ್ಯಾನು ನೋಡಿದೆ.

ಮರುವಾರ ಸೋಮವ್ವ ಅಡುಗೆ ಕೆಲಸಕ್ಕೆ ಚೆಂಬೂರಿಗೆ ಹೋಗಿದ್ದಾಗ, ದಿನಾ ಎದುರಿನ ನನ್ನ ಮನೆಗೆ ಕೇಳುವ ಅವರ ರೇಡಿಯೋ ಕೇಳಲಿಲ್ಲ. ಬೆಲ್ ಒತ್ತಿದೆ. ಉತ್ತರವಿಲ್ಲ. ಅವರ ಅಡುಗೆಮನೆ ಕಿಟಕಿಗೆ ಜಾಲರಿಯಿಲ್ಲದ್ದು ನೆನಪಾಯಿತು. ಕೆಳಗೆ ಇಣುಕುವ ಧೈರ್ಯವಾಗಲಿಲ್ಲ. ಎರಡೂ ಮುಷ್ಟಿಯಿಂದ ಬಡಿದೆ, ಅವರ ಹೆಸರು ಹಿಡಿದು ಅರಚಿದೆ. ಉಳಿದ ಮನೆಗಳ ಬಾಗಿಲಿನ ಇಣುಕುಗಾಜುಗಳು ಕಪ್ಪಾದವು, ಒಳಗಿಂದ ಕಣ್ಣಿಟ್ಟು ನೋಡುತ್ತಿದ್ದರು. ಒಂದು ಬಾಗಿಲೂ ತೆರೆಯಲಿಲ್ಲ.

ಕೊನೆಗೆ ಚಿಲಕ ಸರಿಯಿತು. ಶರಣಬಸಪ್ಪ ಬೆವೆತುಹೋಗಿದ್ದರು.

"ನೀವೇನ್ರೀ? ಕಳ್ಳ ಬಂದಾನಂತ ರೇಡಿಯೋ ಆರಿಸಿ ಸಂಡಾಸದಾಗ ಅಡಗಿದ್ದೆ!"

"ನಾನು... ನೀವು... ಆ ಕಿಟಕಿ..."

"ನೀವು ನನಗಿಂತ ಜಾಸ್ತಿ ಹೆದರೀರಲ್ರೀ ಸಾಹೇಬ್ರ! ಬರ್ರಿ, ಕೂಡ್ರಿ. ಚಾ ಮಾಡ್ತೀನಿ, ನನಗೂ ಬೇಕಾಗ್ಯಾದ."

ಬೇಕಾಗ್ಯಾದ! ತಿಂಗಳುಗಳಿಂದ ಆ ಬಾಯಲ್ಲಿ ಕೇಳದ ಮಾತು. ಬಾಗಿಲು ಮುಚ್ಚಲು ಹೋದವರು ಮುಚ್ಚಲೋ ಬೇಡವೋ ಎಂಬಂತೆ ನನ್ನತ್ತ ತಿರುಗಿದರು.

"ತೆರೆದೇ ಇರಲಿ ಬಿಡಿ," ಎಂದೆ.

ಆದರೆ ಎದುರಿಗೆ ನನ್ನ ಮನೆಯೂ ಹಾಗೇ ತೆರೆದುಬಿದ್ದಿತ್ತು. ಕಳ್ಳ ಹೊಕ್ಕಾನೆಂದು ಕಣ್ಣೆಲ್ಲ ಅಲ್ಲೇ ನೆಟ್ಟು, ಅರ್ಧ ಚಹಾ ಅಂಗಿಗೆ ಕುಡಿಸಿದೆ.