ಹಿಮದಲ್ಲೊಂದು ಪ್ರದಕ್ಷಿಣೆ

ಲೀಡ್ಸಿನ ಮಗನ ಮನೆಯಲ್ಲಿ ನಾವು ನೆಲೆಸಿದ ಮೊದಲ ವರ್ಷ, ನನ್ನ ಹೆಂಡತಿಯ ಬಲಗಾಲಿನ ಹುಣ್ಣು ಮಾಯಲು ಇಡೀ ಬೇಸಿಗೆ ಹಿಡಿಯಿತು. ಸಕ್ಕರೆ ಕಾಯಿಲೆಯು ಅವಳ ಪಾದಗಳ ಸ್ಪರ್ಶಜ್ಞಾನವನ್ನು ಸದ್ದಿಲ್ಲದೆ ಕಸಿದುಕೊಂಡಿತ್ತು. ಇನ್ನೊಮ್ಮೆ ಗಾಯವಾದರೆ ಬೆರಳು ಉಳಿಯುವ ಭರವಸೆ ಇಲ್ಲವೆಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಅಂದಿನಿಂದ, ಜಿ.ಪಿ., ಎಂದರೆ ಅಲ್ಲಿನ ಕುಟುಂಬವೈದ್ಯೆ, ಆಗಿದ್ದ ಸೊಸೆ ಪ್ರತಿ ಸಂಜೆ ಅವಳ ಅಂಗಾಲುಗಳನ್ನು ಪರೀಕ್ಷಿಸುತ್ತಿದ್ದಳು. ಸೊಸೆ ಬರುವುದು ತಡವಾದ ದಿನ ನಾನು ನೋಡುತ್ತೇನೆಂದರೆ, ಹೆಂಡತಿ ಕಾಲುಗಳನ್ನು ಸೀರೆಯೊಳಗೆ ಎಳೆದುಕೊಳ್ಳುತ್ತಿದ್ದಳು. ಗಂಡನ ಕೈ ತನ್ನ ಪಾದಕ್ಕೆ ತಗಲುವುದು ಅವಳ ದೃಷ್ಟಿಯಲ್ಲಿ ದೊಡ್ಡ ಅಪಚಾರ.

ಆ ಚಳಿಗಾಲದ ರಜೆಗೆ ಮಗ ಆಲ್ಪ್ಸ್ ಪರ್ವತಗಳ ಒಂದು ಹಳ್ಳಿಯನ್ನು ಆರಿಸಿದ. ಮಗ, ಸೊಸೆ ಸ್ಕೀ ಮಾಡುವವರು, ನಾವಿಬ್ಬರು ನಡೆಯುವವರು. ನಮ್ಮಂಥವರಿಗಾಗಿ ಅಲ್ಲಿ ಹಿಮವನ್ನು ಯಂತ್ರದಿಂದ ಒತ್ತಿ ಸಮಮಾಡಿದ ಕಾಲುದಾರಿಗಳಿವೆಯೆಂದು ವಿಚಾರಿಸಿಯೇ ಅವನು ನಿಶ್ಚಯಿಸಿದ್ದ. ಹೊಸ ಬೂಟುಗಳು ಕಾಲಿಗೆ ಹೊಂದಲೆಂದು, ಬಸ್ಸಿಗೆ ಓಡುವ ವಿದ್ಯಾರ್ಥಿಗಳ ನಡುವೆ ನಾವು ನಮ್ಮ ಬಡಾವಣೆ ಹೆಡಿಂಗ್ಲೀಯ ಬೀದಿಗಳಲ್ಲಿ ವಾರಗಟ್ಟಲೆ ನಡೆದೆವು.

ಹೊರಡುವ ಮುನ್ನ ಸೊಸೆ ತನ್ನ ಧಾರವಾಡದ ಮಾತಿನಲ್ಲಿ ಎಚ್ಚರಿಸಿದಳು: "ಅತ್ತಿ, ನಿಮ್ಮ ಕಾಲಿಗೆ ಫೀಲಿಂಗ್ ಇಲ್ಲ. ದೇವರಽ ಬಂದು ಬೂಟು ಬಿಚ್ಚು ಅಂದ್ರೂ ಹೊರಗ ಬಿಚ್ಚಬ್ಯಾಡ್ರಿ."

"ಬಂದ್ರೆ ನಿನ್ನ ಅಪಾಯಿಂಟ್‌ಮೆಂಟ್ ತಗೊಂಡು ಬಾ ಅಂತೀನಮ್ಮ," ಎಂದಳು ಹೆಂಡತಿ.

ಅಲ್ಲಿ ಮೊದಲ ದಿನ ಕಾಡಿನ ಅಂಚಿನ ಸಣ್ಣ ಸುತ್ತುದಾರಿಯಲ್ಲಿ ನಡೆದೆವು. ಮರುದಿನ ತಂತಿಯ ಮೇಲೆ ಸಾಗುವ ತೂಗುಗಾಡಿಯಲ್ಲಿ ಮೇಲೇರಿ, ಬಿಸಿಲಿದ್ದ ದಿಣ್ಣೆಯ ಮೇಲೆ ಅಡ್ಡಾಡಿ ಬಂದೆವು. ಮೂರನೆಯ ದಿನ ಹೊಳೆಯ ಪಕ್ಕದ ದಾರಿ ಹಿಡಿದೆವು: ಮುಂದಿನ ಹಳ್ಳಿಯವರೆಗೆ ನಡೆದು, ಅಲ್ಲಿಂದ ಬಸ್ಸಿನಲ್ಲಿ ಹಿಂದಿರುಗುವುದೆಂದು ಯೋಜನೆ. ದಾರಿಯುದ್ದಕ್ಕೂ ಗುರುತಿಗೆ ನೆಟ್ಟ ನೇರಳೆ ಬಣ್ಣದ ಗೂಟಗಳು. ಹೆಪ್ಪುಗಟ್ಟಿದ ಹೊಳೆಯ ಅಡಿಯಲ್ಲಿ ನೀರಿನ ಸದ್ದು. ಅರ್ಧ ದಾರಿ ಕಳೆದಿರಬೇಕು, ಕಲ್ಲಿನದೊಂದು ಪುಟ್ಟ ಪ್ರಾರ್ಥನಾಮಂದಿರ ಎದುರಾಯಿತು. ಒಳಗೆ ಮಗುವನ್ನೆತ್ತಿಕೊಂಡ ತಾಯಿಯ ವಿಗ್ರಹ, ಅದರ ಮುಂದೆ ಉರಿಯುತ್ತಿದ್ದ ಮೇಣದ ಬತ್ತಿಗಳು. ಹೆಂಡತಿ ಹೊಸ್ತಿಲಲ್ಲಿ ಕೈಮುಗಿದು ನಿಂತಳು. ನಾನು ಬಸ್ಸಿನ ವೇಳೆಯನ್ನು ತಿಳಿಯಲು ದಾರಿಯಾಚೆಯ ಫಲಕದತ್ತ ಹೋದೆ.

ತಿರುಗಿ ನೋಡಿದಾಗ ಹೊಸ್ತಿಲ ಬಳಿ ಅವಳ ಬೂಟುಗಳು ಮಾತ್ರ ಇದ್ದವು, ಮಡಿಸಿದ ಕಾಲುಚೀಲಗಳೊಡನೆ. ಮಂದಿರದ ಮಗ್ಗುಲಿನ ಎಳೆಯ ಹಿಮದಲ್ಲಿ ಬರಿಗಾಲಿನ ಹೆಜ್ಜೆಗಳು. ವಿಗ್ರಹವು ಹಿಂಗೋಡೆಗೆ ಹೊಂದಿಕೊಂಡಿದ್ದುದರಿಂದ, ಪ್ರದಕ್ಷಿಣೆಯನ್ನು ಅವಳು ಹೊರಗಿನಿಂದಲೇ ಮಾಡುತ್ತಿದ್ದಳು. ನಾನು ಕೂಗಿ ಓಡಿದಾಗ ಕಟ್ಟಡದ ಹಿಂದಿನಿಂದ ಕಣ್ಣುಮುಚ್ಚಿ, ಜೋಡಿಸಿದ ಕೈಗಳೊಡನೆ, ಶಾಂತವಾಗಿ ನಡೆದು ಬಂದಳು. ಕಾಲ ಕೆಳಗೆ ಹಿಮವಿದೆಯೆಂದು ಅವಳ ಪಾದಗಳು ಅವಳಿಗೆ ಹೇಳಿರಲಿಲ್ಲ.

"ತಾಯಿ ಮುಂದೆ ಬೂಟು ಹಾಕ್ಕೊಂಡು ನಿಲ್ಲೋದಾ?" ಎಂದಳು. "ಏನೂ ಆಗಿಲ್ಲ, ಚಳೀನೇ ಇಲ್ಲ."

ಆ ಮಾತೇ ನನ್ನನ್ನು ಹೆದರಿಸಿತು. ಅವಳನ್ನು ಒಳಗಿನ ಬೆಂಚಿನಲ್ಲಿ ಕೂರಿಸಿ ಹೊರಗೆ ಬಂದು, ಪಾದವನ್ನಂತೂ ಅವಳು ತೋರಿಸಲಾರಳೆಂದು ಹೆಜ್ಜೆಗುರುತುಗಳನ್ನೇ ಒಂದೊಂದಾಗಿ ಬಗ್ಗಿ ನೋಡಿದೆ. ರಕ್ತವಿರಲಿಲ್ಲ. ಅಷ್ಟರಲ್ಲಿ ಮಾಡಿನಿಂದ ಹಿಮದ ಹೆಂಟೆಯೊಂದು ಜಾರಿ ಬೂಟುಗಳ ಮೇಲೆ ಬಿತ್ತು. ಕೊಡವಿದೆ, ಕಾಲುಚೀಲಗಳು ತೊಯ್ದಿದ್ದವು. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಒಳಗೆ ಬಂದರೆ ಅವಳು ಮೇಣದ ಬತ್ತಿಗಳ ಕಡೆಗೆ ಕಾಲು ಚಾಚಿದ್ದಳು.

"ತೆಗಿ ಅಲ್ಲಿಂದ," ಎಂದೆ. "ಸುಟ್ಟರೂ ನಿನಗೆ ಗೊತ್ತಾಗೋದಿಲ್ಲ."

ಬೆರಳುಗಳು ಮೇಣದಂತೆ ಬಿಳಿಚಿದ್ದವು. ಉಜ್ಜಬಾರದು, ಬೆಂಕಿ ತೋರಿಸಬಾರದು, ಮೈಯ ಕಾವೇ ಮದ್ದು ಎಂದು ಸೊಸೆ ಹೇಳಿದ್ದು ನೆನಪಿತ್ತು. ನಾನು ಕೋಟಿನ ಗುಂಡಿ ಬಿಚ್ಚಿ, ಅವಳ ಎದುರು ಕಲ್ಲುನೆಲದ ಮೇಲೆ ಕುಳಿತು ಕೈ ನೀಡಿದೆ. ಅವಳು ಕಾಲುಗಳನ್ನು ಸೀರೆಯೊಳಗೆ ಎಳೆದುಕೊಂಡಳು.

"ಬೇಡಿ. ಜನಿವಾರ ಇರೋ ಮೈ. ಬೆರಳು ಹೋದ್ರೆ ಹೋಗಲಿ."

"ಹೋಗಲಿ ಅನ್ನೋಕೆ ಅದೇನು ಹಳೇ ಚಪ್ಪಲಿಯೇ?"

"ಪಾಪ ನನಗೆ ತಾನೇ ಸುತ್ತಿಕೊಳ್ಳೋದು?"

ಕ್ಷಣಗಳು ಜಾರುತ್ತಿದ್ದವು. ಬಲವಂತದಿಂದ ಎಳೆಯಲು ನನಗೆ ಕೈ ಬರಲಿಲ್ಲ. ಆಗ ನಮ್ಮ ಮದುವೆಯ ಹೋಮಕುಂಡದ ಪಕ್ಕದಲ್ಲಿದ್ದ ಕಲ್ಲು ನೆನಪಾಯಿತು.

"ಅಶ್ಮಾರೋಹಣದಲ್ಲಿ ನಿನ್ನ ಹೆಬ್ಬೆರಳು ಹಿಡಿದು ಕಲ್ಲಿನ ಮೇಲೆ ಇಟ್ಟವನು ಯಾರು? ಅಗ್ನಿಯ ಎದುರಿಗೇ ಹಿಡಿದೆನಲ್ಲ. ಅವತ್ತು ಇಲ್ಲದ ಪಾಪ ಇವತ್ತು ಎಲ್ಲಿಂದ ಬಂತು?"

ಅವಳು ವಿಗ್ರಹದ ಕಡೆಗೆ ತಿರುಗಿ ಕೈಮುಗಿದಳು.

"ಆಮೇಲೆ ನಾನು ನಿಮಗೆ ನಮಸ್ಕಾರ ಮಾಡ್ತೀನಿ. ತಡೀಬಾರದು."

"ಆಗಲಿ."

ಕಾಲುಗಳು ನಿಧಾನವಾಗಿ ಮುಂದೆ ಬಂದವು. ಅವುಗಳನ್ನು ಅಂಗಿಯೊಳಗೆ, ಹೊಟ್ಟೆಗೆ ಒತ್ತಿ ಹಿಡಿದೆ. ಆ ಶೈತ್ಯಕ್ಕೆ ನನ್ನ ಉಸಿರೇ ಕಟ್ಟಿತು. ಮನಸ್ಸಿನಲ್ಲಿ ನಾಮಸ್ಮರಣೆ ನಡೆದಿತ್ತು. ಕಣ್ಣು ಮಾತ್ರ ಬಾಗಿಲಾಚೆ ಮಾಸುತ್ತಿದ್ದ ಬೆಳಕಿನ ಮೇಲಿತ್ತು. ಕೊನೆಗೆ ಹೊರತೆಗೆದು ನೋಡಿದಾಗ ಬೆರಳುಗಳಿಗೆ ಕೆಂಪು ಮರಳಿತ್ತು, ಬಲಗಾಲಿನ ಕಿರುಬೆರಳೊಂದನ್ನು ಬಿಟ್ಟು. ಸೊಸೆಯ ಒತ್ತಾಯಕ್ಕೆ ನಾನು ಎರಡು ಜೊತೆ ಕಾಲುಚೀಲ ಹಾಕಿದ್ದೆ. ಒಳಗಿನ ಬೆಚ್ಚನೆಯ ಜೊತೆಯನ್ನು ಅವಳಿಗೆ ತೊಡಿಸಿದೆ. ಬೂಟಿನೊಳಗಿನ ತೇವವನ್ನು ನನ್ನ ಮಫ್ಲರಿನಿಂದ ಒರೆಸಿದೆ. ಅವಳು ಅಲ್ಲಿಯೇ ಬಾಗಿ ನನಗೆ ನಮಸ್ಕರಿಸಿದಳು. ಮುಂದಿನ ಹಳ್ಳಿಯವರೆಗೆ ನಿಧಾನವಾಗಿ ನಡೆದು ಬಸ್ಸು ಹಿಡಿದೆವು.

ಹೋಟೆಲಿನಲ್ಲಿ ಸೊಸೆ ಸ್ಕೀ ಬೂಟುಗಳಲ್ಲೇ ನೆಲಕ್ಕೆ ಕುಳಿತು ಪರೀಕ್ಷಿಸಿದಳು. ಗದರಲಿಲ್ಲ. "ನಾಳೆ ಮುಂಜಾನೆ ಗುಳ್ಳಿ ಏಳದಿದ್ರ ಬೆರಳು ಉಳೀತು," ಎಂದಳಷ್ಟೆ.

ಬೆಳಗಾಗುತ್ತಲೇ ಪರದೆ ಸರಿಸಿದೆ. ಕಿರುಬೆರಳು ಕೆಂಪಗಿತ್ತು, ಚರ್ಮ ನುಣುಪಾಗಿತ್ತು. ಲೀಡ್ಸಿಗೆ ಮರಳಿದ ಮೇಲೆ ಆಸ್ಪತ್ರೆಯವರೂ ನೋಡಿ, ಅಪಾಯವಿಲ್ಲವೆಂದರು.

ಅಂದಿನ ಸಂಜೆ ಸೊಸೆಗೆ ಕ್ಲಿನಿಕ್ಕಿನಲ್ಲಿ ತಡವಾಯಿತು. ನಾನು ಸಂಧ್ಯಾವಂದನೆ ಮುಗಿಸಿ ಬಂದಾಗ ಹೆಂಡತಿ ದೀಪದ ಬಳಿ ಕುಳಿತು, ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿ, ಬಲಗಾಲನ್ನು ಮಣೆಯ ಮೇಲೆ ಇಟ್ಟಿದ್ದಳು.

"ಬೇಗ ನೋಡಿ," ಎಂದಳು. "ನಾನು ಆಮೇಲೆ ನಮಸ್ಕಾರ ಮಾಡಬೇಕು. ಒಲೆ ಮೇಲೆ ಸಾರು ಇದೆ."