ಬೀದಿಗೆ ಮುಖ ಮಾಡಿದ ಚಪ್ಪಲಿಗಳು

ಬಗ್ಗಿದರೆ ನಮ್ಮ ಮಾವನವರ ಎಡಮಂಡಿ ‘ಟಕ್’ ಎನ್ನುತ್ತಿತ್ತು. ಅಡುಗೆಮನೆಯಲ್ಲಿದ್ದರೂ ನನಗೆ ಕೇಳಿಸುತ್ತಿತ್ತು. ಓಹೋ, ಯಾರೋ ಬಂದರು, ಇವರು ಶುರುಹಚ್ಚಿಕೊಂಡರು ಎಂದುಕೊಳ್ಳುತ್ತಿದ್ದೆ. ಒಂದು ಕೈ ಬಾಗಿಲ ಚೌಕಟ್ಟಿನ ಮೇಲೆ, ಇನ್ನೊಂದರಲ್ಲಿ ಬಂದವರ ಚಪ್ಪಲಿ. ಜೋಡಿ ಸೇರಿಸಿ, ಬೀದಿಯ ಕಡೆ ಮುಖ ಮಾಡಿ ಇಡುತ್ತಿದ್ದರು.

ಈ ಗೀಳು ಅಂಟಿದ್ದು ಜಪಾನಿನಲ್ಲಿ. ಮಲ್ಲೇಶ್ವರದ ನಮ್ಮ ಬೀದಿಯ ನಾಲ್ಕು ಮನೆಯವರು ಸೇರಿ ಹೋದ ಪ್ರವಾಸ. ನಾನು ಮೂರು ಬೀಸಣಿಗೆ, ಫ್ರಿಜ್ಜಿಗೆ ಅಂಟಿಸುವ ಗೊಂಬೆ, ಫೋನು ತುಂಬುವಷ್ಟು ಫೋಟೊ ತಂದೆ. ಮಾವ ಏನನ್ನೂ ಕೊಳ್ಳಲಿಲ್ಲ. ಅಲ್ಲಿನ ಒಂದು ಹಳೆಯ ವಸತಿಗೃಹದಲ್ಲಿ, ನಾವು ಹೇಗೆಂದರೆ ಹಾಗೆ ಬಿಟ್ಟಿದ್ದ ಚಪ್ಪಲಿಗಳನ್ನು ಅದರ ಯಜಮಾನಿ, ತಲೆ ನರೆತ ಮುದುಕಿ, ಮಂಡಿಯೂರಿ ಒಂದೊಂದಾಗಿ ತಿರುಗಿಸಿಡುತ್ತಿದ್ದಳು. ಮಾವ ಗಾಬರಿಯಾಗಿ ತಡೆದರು. ಹೊರಡುವಾಗ ಹಾಕಿಕೊಳ್ಳಲು ಸುಲಭ ಎಂದು ಆಕೆ ನಗುತ್ತಾ ಕೈಸನ್ನೆಯಲ್ಲೇ ತೋರಿಸಿದಳು.

“ಐವತ್ತು ವರ್ಷ ಮನೆಗೆ ಬಂದೋರಿಗೆಲ್ಲ ಕಾಫಿ ಕೊಟ್ಟಿದೀನಿ ಕಣಮ್ಮ,” ಎಂದರು ಮಾವ, ಬಸ್ಸಿನಲ್ಲಿ. “ಹೋಗುವಾಗ ಅವರಿಗೆ ಹೇಗೆ ಅಂತ ಒಂದ್ಸಲಾನೂ ಯೋಚನೆ ಮಾಡ್ಲಿಲ್ಲ ನೋಡು.”

ಊರಿಗೆ ಬಂದ ಮೇಲೆ ಯಾರನ್ನೂ ಬಿಡಲಿಲ್ಲ. ಕೊನೆಗೆ ನನ್ನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಎಡವಟ್ಟಾಯಿತು. ಕೇಸರಿಬಾತು ತಿಂದು ಕೈತೊಳೆಯಲು ಎದ್ದ ಹುಡುಗನ ತಾಯಿ ಬಾಗಿಲಾಚೆ ನೋಡಿದರು. ಅವರ ಮನೆಯವರ ಚಪ್ಪಲಿಗಳೆಲ್ಲ ಸಾಲಾಗಿ ಗೇಟಿನ ಕಡೆ ಮುಖ ಮಾಡಿದ್ದವು.

“ಯಾಕೆ, ಬೇಗ ಹೊರಡ್ಲಿ ಅಂತಾನಾ?”

ಮಾವ ಪಾಪ, ಜಪಾನಿನ ಕಥೆ ಹೇಳಿದರು. ಆಕೆಯ ಮುಖ ಸಡಿಲವಾಗಲಿಲ್ಲ. ಸಂಬಂಧ ಕೂಡಲಿಲ್ಲ. “ಬಿಡಮ್ಮ, ಒಳ್ಳೇದೇ ಆಯ್ತು,” ಎಂದು ಮಗಳು ನಕ್ಕಳು. ನನಗೆ ಮೈಯೆಲ್ಲ ಉರಿದುಹೋಯಿತು. “ಈ ವಯಸ್ಸಲ್ಲಿ ಕಂಡೋರ ಚಪ್ಪಲಿ ಮುಟ್ತೀರಲ್ಲ ಮಾವ, ನಾಚಿಕೆ ಆಗಲ್ವಾ?” ಎಂದುಬಿಟ್ಟೆ. ಅಂದಿನಿಂದ ಮಂಡಿಯ ಸದ್ದು ನನಗೆ ಕೇಳಿಸಲಿಲ್ಲ. ಸದ್ಯ, ಬುದ್ಧಿ ಬಂತು ಅಂದುಕೊಂಡೆ.

ಹೋದ ವರ್ಷ ಮಾವ ತೀರಿಕೊಂಡರು. ಮನೆ ತುಂಬ ಜನ, ಗೇಟಿನ ತನಕ ಚಪ್ಪಲಿಗಳ ರಾಶಿ. ಪಾತ್ರೆ ತೊಳೆಯಲು ಶ್ರೀರಾಂಪುರದಿಂದ ಬರುವಾಕೆ ಮೆಟ್ಟಿಲ ಬಳಿ ನಿಂತು ಅಳುತ್ತಿದ್ದಳು.

“ಮಧ್ಯಾಹ್ನ ನೀವು ಮಲಗಿರ್ತಿದ್ರಲ್ಲಮ್ಮ, ಆಗ ತಾತ ದಿನಾ ನನ್ ಚಪ್ಪಲಿ ತಿರುಗಿಸಿ ಇಡೋರು. ಬೇಡ ತಾತ ಅಂದ್ರೆ, ‘ಶ್! ಸೊಸೆಗೆ ಹೇಳ್ಬೇಡ’ ಅನ್ನೋರು. ಇಷ್ಟು ಮನೆ ಕೆಲಸ ಮಾಡಿದೀನಿ, ನನ್ ಚಪ್ಪಲಿ ಮುಟ್ಟಿದೋರು ಅವರೊಬ್ರೇ.”

ಅಯ್ಯೋ, ನಾನಾಡಿದ ಮಾತನ್ನು ಯಾರ ಮುಂದೆ ಹಿಂದಕ್ಕೆ ತೆಗೆದುಕೊಳ್ಳಲಿ? ಅಲ್ಲೇ ಕುಕ್ಕರುಗಾಲಲ್ಲಿ ಕುಳಿತೆ. ಪಟ್ಟಿಗೆ ಪಿನ್ನು ಚುಚ್ಚಿದ್ದ ಅವಳ ಹವಾಯಿ ಚಪ್ಪಲಿಯನ್ನು ಮೊದಲು ತಿರುಗಿಸಿದೆ. “ಬಿಡೀಮ್ಮ,” ಎಂದು ಕೈ ಹಿಡಿದಳು. ನಾನು ಬಿಡಲಿಲ್ಲ. ಒಂದೊಂದಾಗಿ ಎಲ್ಲರವನ್ನೂ ತಿರುಗಿಸಿದೆ.

ಬಾಗಿಲ ಮೂಲೆಯಲ್ಲಿ ಮಾವನವರ ಚಪ್ಪಲಿ ಮಾತ್ರ ಇನ್ನೂ ಮನೆಯ ಕಡೆ ನೋಡುತ್ತಿತ್ತು. ಒಳಗಿನಿಂದ ಅವರನ್ನು ಎತ್ತಿಕೊಂಡು ಬರುವಷ್ಟರಲ್ಲಿ ಅದನ್ನೂ ಜೋಡಿಸಿ, ಬೀದಿಯ ಕಡೆ ಮುಖ ಮಾಡಿ ಇಟ್ಟೆ.